ಮೊಮ್ಮಗಳ ಮಣ್ಣಿನ ಮೇಲೆ ಕುರಿ ತರುಬಿದ್ದು

ಮಣ್ಣು ಉಸಿರಾಡುತ್ತೆ ಅಂತ ನನಗೆ ಮೊದಲು ಹೇಳಿದವಳು ನನ್ನ ಮಗಳ ಮಗಳು. ನಾನು ಮೂರನೇ ಕ್ಲಾಸಿಗೇ ಪಾಟಿ ಬಿಟ್ಟು ಕುರಿ ಹಿಂದೆ ಹೋದವನು, ಕುರಿ ಮೇಯೋ ಕಾವಲಿನ ಹುಲ್ಲಲ್ಲೇ ಮಲಗಿ ಎದ್ದವನು. ಒಂದು ದಿನಕ್ಕೂ ಆ ಉಸಿರು ನನಗೆ ಕೇಳಿಸಿರಲಿಲ್ಲ.

ಅವಳು ದೊಡ್ಡ ಓದಿಗೆ ಅಂತ ಚಳ್ಳಕೆರೆ ಹತ್ತಿರದ ನಮ್ಮ ಬೀಳು ಹೊಲದಲ್ಲಿ ನಾಲ್ಕು ಕಡೆ ಪೈಪಿನ ಬಳೆ ಊರಿದ್ದಳು. ತಿಂಗಳಿಗೊಮ್ಮೆ ಬಂದು ಮುಚ್ಚಳ ಹಾಕಿ, ಮಣ್ಣಿಂದ ಎಷ್ಟು ಇಂಗಾಲದ ಗಾಳಿ ಮೇಲೆ ಬರುತ್ತೆ ಅಂತ ಅಳೆಯೋಳು. ಹುಲ್ಲು ಎಷ್ಟು ಹೀರುತ್ತೆ, ಬೇರು ಎಷ್ಟು ಬೇಗ ಕೊಳೆಯುತ್ತೆ ಅಂತ ಕಂಪ್ಯೂಟರಿಗೆ ಒಂದು ಅಂದಾಜು ಕೊಡೋದಂತೆ. ಅದು ಹೇಳಿದ್ದಕ್ಕೂ ಹೊಲದ ಅಳತೆಗೂ ತಾಳೆಯಾಗೋ ತನಕ ಅಂದಾಜನ್ನ ತಿದ್ದುತ್ತಾ ಹೋಗೋದಂತೆ. ನನಗೆ ಅರ್ಥವಾದದ್ದು ಇಷ್ಟೇ.

ಆ ಬೇಸಿಗೆ ಮೊಳಕಾಲ್ಮುರು ಕಡೆಯಿಂದ ನಮ್ಮ ಬೀಗರು ಮಂದೆ ಹೊಡ್ಕೊಂಡು ಬಂದರು. ಕುರಿ ತರುಬಿದ ಹೊಲ, ಅಂದರೆ ರಾತ್ರಿ ಮಂದೆ ಕೂಡಿಹಾಕಿದ ಹೊಲ, ಗೊಬ್ಬರ ಉಂಡು ಚೆನ್ನಾಗಿ ಬೆಳೆಯುತ್ತೆ. ಅದಕ್ಕೆ ಊರವರೆಲ್ಲ ಬೀಗರ ಕೈ ಹಿಡಿದು ಕರೀತಿದ್ದರು. ಮೊದಲು ನನ್ನ ಮೊಮ್ಮಗಳ ಮಣ್ಣಿಗೆ ಅಂದೆ ನಾನು. ಒಂದು ಮೂಲೆಯ ಬಳೆಯನ್ನ ಜೋಪಾನವಾಗಿ ಕಿತ್ತಿಟ್ಟು, ಅಲ್ಲಿ ಮೂರು ರಾತ್ರಿ ಮಂದೆ ನಿಲ್ಲಿಸಿ, ಆಮೇಲೆ ಅದೇ ತೂತಿಗೆ ಊರಿದೆ. ಹೇಳದೆ ಖುಷಿಪಡಿಸೋಣ ಅಂತ.

ಮಳೆ ಬಿದ್ದು ಹಿಕ್ಕೆಯೆಲ್ಲ ಮಣ್ಣಲ್ಲಿ ಕರಗಿದ ಮೇಲೆ ಅವಳು ಬಂದು ಅಳೆದರೆ, ಆ ಮೂಲೆಯ ಅಳತೆ ಉಳಿದ ಮೂರಕ್ಕಿಂತ ಎಷ್ಟೋ ಮೇಲೆ ಹಾರಿತ್ತು. ಕಾಲೇಜಿಗೆ ಹೋಗಿ ಅಂದಾಜು ತಿದ್ದಿ ತಿದ್ದಿ ನೋಡಿದಳು, ತಾಳೆಯಾಗಲಿಲ್ಲ. ವಾಪಸ್ ಬಂದು ಜಗಲಿ ಮೇಲೆ ಕೂತು, "ನನ್ನ ಕೈಯೇ ಸರಿಯಿಲ್ಲ, ವರ್ಷದ ಅಳತೆಯನ್ನೆಲ್ಲ ಬಿಸಾಕಿ ಮೊದಲಿಂದ ಶುರುಮಾಡಬೇಕು" ಅಂತ ತನ್ನ ಅವ್ವನ ಹತ್ತಿರ ಅತ್ತಳು.

ಕುರಿ ವಿಷಯ ಹೇಳಿಬಿಟ್ಟೆ.

"ಅಪ್ಪಾ, ನಿನ್ನ ಪ್ರೀತಿಗಿಷ್ಟು ಬೆಂಕಿ ಹಾಕ, ಸುಮ್ಕೆ ಕೂತಿರೋಕೆ ಆಗ್ತಿರ್ಲಿಲ್ವಾ?" ಅಂದಳು ಮಗಳು.

ಮೊಮ್ಮಗಳು ನನ್ನ ಮುಖವನ್ನೇ ನೋಡ್ತಿದ್ದಳು. ಇವಳೂ ಬೈತಾಳೆ ಅಂತ ಕಾದೆ.

"ಎಷ್ಟು ಕುರಿ ತಾತ? ಎಷ್ಟು ದಿನ?"

ಹೇಳಿದೆ. ಬರಕೊಂಡಳು.

"ಹಂಗಾದ್ರೆ ನನ್ನ ಕೈ ಸರಿ ಐತೆ, ಗೊಬ್ಬರ ಉಂಡ ಮಣ್ಣು ಜಾಸ್ತಿ ಉಸಿರಾಡೈತೆ ಅಷ್ಟೇ," ಅಂದು ನಕ್ಕಳು.

ಹಾಳುಮಾಡಿದವನು ನಾನು, ನಗ್ತಿರೋಳು ಅವಳು! ಆ ಮೂಲೆಯನ್ನ ಬೇರೆ ಇಟ್ಟು ಉಳಿದ ಮೂರನ್ನ ಹಾಕಿದಾಗ ಕಂಪ್ಯೂಟರಿನ ಮಾತೂ ಮಣ್ಣಿನ ಮಾತೂ ಹೊಂದಿದವಂತೆ. ವರ್ಷದ ಅಳತೆ ಉಳಿಯಿತು. ಮುಂದಿನ ಬೇಸಿಗೆ, ಕುರಿ ತರುಬಿದರೆ ಉಸಿರು ಎಷ್ಟು ಹೆಚ್ಚುತ್ತೆ ಅಂತ ಅಳೆಯೋಕೆ ಅವಳೇ ಗೂಟ ನೆಟ್ಟು, ಇಷ್ಟೇ ಜಾಗ, ಇಷ್ಟೇ ಕುರಿ, ಒಂದೂ ಹೆಚ್ಚು ಕಮ್ಮಿ ಆಗಬಾರದು ಅಂತ ತಾಕೀತು ಮಾಡಿ ನನ್ನ ಕೈಲೇ ಮಂದೆ ತರುಬಿಸಿದಳು. ಒಂದೊಂದೇ ಕುರಿ ಒಳಗೆ ಬಿಡುವಾಗ ಸಂತೋಷಕ್ಕೆ ಎಣಿಕೆ ತಪ್ಪಿ, ಎರಡು ಸಲ ಎಲ್ಲವನ್ನೂ ಹೊರಗೆ ಹೊಡೆದು ಮೊದಲಿಂದ ಎಣಿಸಿದೆ.