ಕೋಡಂಗಿ ಕರೆಯದ ಹೆಸರು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಖಾಲಿ ಬಾಟಲಿ ಹಿಡಿದು ಹಾಲಿನ ಬೂತಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಪಕ್ಕದ ಮನೆಯ ವಿಮಲಾ. ಬೂತಿನವನು ಅವಳೊಡನೆ ಏನೋ ಹೇಳಿಕೊಂಡು ನಕ್ಕ. ನನ್ನ ಸರದಿ ಬಂದಾಗ ಗಂಭೀರವಾಗಿ, "ತಗೊಳ್ಳಿ ಮೇಡಂ" ಅಂದ. ಎಪ್ಪತ್ತರ ದಶಕದ ಜಯನಗರ. ನಮ್ಮ ಬೀದಿಯಲ್ಲಿ ಮನೆಗಿಂತ ಖಾಲಿ ಸೈಟೇ ಹೆಚ್ಚು. ಇದ್ದ ಮನೆಗಳಲ್ಲೆಲ್ಲ ವಿಮಲಾಳದೇ ಮಾತು. ನಮ್ಮ ಯಜಮಾನರೂ ಅವಳ ಮಾತು ನೆನೆಸಿಕೊಂಡು ಊಟದ ನಡುವೆ ನಗುತ್ತಿದ್ದರು. ನನ್ನ ಮಾತಿಗೆ ಒಂದು "ಹೌದಾ" ಸಿಕ್ಕರೆ ಹೆಚ್ಚು. ನಿಮ್ಮ ಮುಂದೆ ಮುಚ್ಚುಮರೆ ಏಕೆ, ನನಗೆ ಹೊಟ್ಟೆಕಿಚ್ಚು.

ಅಂದು ಸಂಜೆ ಎದುರು ಸೈಟಿನಲ್ಲಿ ತೊಗಲುಗೊಂಬೆ ಆಟ. ಬೆಳಿಗ್ಗೆ ಹತ್ತು ಗಂಟೆಗೇ ಗೊಂಬೆ ಮೇಳದ ತಾತ ಬಾಗಿಲಿಗೆ ಬಂದರು. ರಾಮ, ರಾವಣರ ಮಾತು ಅವರಿಗೆ ಬಾಯಿಪಾಠ. ನಡುನಡುವೆ ಬಂದು ನಗಿಸುವ ಕೋಡಂಗಿಯ ಮಾತನ್ನು ಮಾತ್ರ ಆಟ ಆಡುವ ಬೀದಿಯಲ್ಲೇ ಕೂಡಿಸಿಕೊಳ್ಳಬೇಕಂತೆ.

"ಯಾರ ಮನೇಲಿ ಏನು ತಮಾಷೆ, ಹೇಳಿ ತಾಯಿ. ಹೆಸರು ಹಿಡಿದೇ ರೇಗಿಸ್ತಾನೆ ನಮ್ಮೋನು" ಎನ್ನುತ್ತ ಕೋಡಂಗಿ ಗೊಂಬೆಯನ್ನು ಚೀಲದಿಂದ ತೆಗೆದರು. ಡೊಳ್ಳು ಹೊಟ್ಟೆ, ಅಲ್ಲಾಡುವ ದವಡೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು, ಎಲ್ಲರನ್ನೂ ಕೋಲಿನಿಂದ ಬಡಿಯುವ ಕೊಕ್ಕೆಮೂಗಿನ ಇಂಗ್ಲಿಷ್ ಗೊಂಬೆಯ ವಿಷಯ ಹೇಳಿದ್ದರು. ನಮ್ಮವನಿಗೆ ಕೋಲು ಬೇಡ, ನಾಲಿಗೆ ಸಾಕು.

ತಾತನಿಗೆ ಕಾಫಿ ಕೊಟ್ಟು, ವಿಮಲಾಳ ಮೈಸೂರುಪಾಕಿನ ಸಂಗತಿ ಹೇಳಿಬಿಟ್ಟೆ. ಅದನ್ನು ಒಡೆಯಲು ಅವಳ ಗಂಡ ಸುತ್ತಿಗೆ ಹುಡುಕಿದ್ದು ಬೀದಿಯಲ್ಲಿ ಎಷ್ಟೋ ಜನಕ್ಕೆ ಗೊತ್ತಿತ್ತು. ಆದರೂ ನಾಲ್ಕು ಜನರ ಎದುರು ಅವಳ ಮುಖ ಸಪ್ಪಗಾಗುವುದನ್ನು ನಾನು ನೋಡಬೇಕಿತ್ತು.

ಸಂಜೆ ಪರದೆಯ ಮೇಲೆ ಕೋಡಂಗಿ ಕಪಿಸೇನೆಯನ್ನೇ ತಡೆದ. "ಸೇತುವೆಗೆ ಕಲ್ಲು ಸಾಲ್ದಾ? ವಿಮಲಕ್ಕನ ಮೈಸೂರುಪಾಕು ಹೊತ್ಕೊಂಡು ಬನ್ರೋ!"

ವಿಮಲಾ ಜಮಖಾನದಿಂದ ಎದ್ದೇ ನಿಂತಳು. "ನಿನಗೂ ಒಂದು ತುಂಡು ಕೊಡ್ತೀನಿ ಬಾರೋ, ಬಾಯಲ್ಲಿ ಹಲ್ಲಿದ್ರೆ!"

ಸೈಟಿಗೆ ಸೈಟೇ ನಕ್ಕಿತು. ನಮ್ಮ ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟು ನಗು ಅವಳಿಗೆ ಸಿಕ್ಕಿದ್ದು ನನ್ನ ಕಾಫಿಯಿಂದ. ಕೋಡಂಗಿ ಆಮೇಲೆ ಇನ್ನೂ ಐದಾರು ಮನೆಯವರನ್ನು ಹಿಡಿದ. ಇನ್ನೇನು ನನ್ನ ಸರದಿ ಎಂದು ನಾನು ಸೆರಗು ಸರಿಮಾಡಿಕೊಂಡು, ರೇಗಿಸಿಕೊಳ್ಳಲು ತಯಾರಾಗಿ ಕೂತೆ. ಅಷ್ಟರಲ್ಲಿ ರಾವಣ ಸತ್ತು, ಮಂಗಳಾರತಿಯೂ ಆಯಿತು.

ಜಮಖಾನ ಮಡಿಸುತ್ತ ವಿಮಲಾ ನನ್ನತ್ತ ತಿರುಗಿದಳು. "ಬೆಳಿಗ್ಗೆ ಆ ತಾತ ನಮ್ಮನೆಗೂ ಬಂದಿದ್ರು ಕಣ್ರೀ, ನಿಮ್ಮ ಬಗ್ಗೇನೇ ಕೇಳಿದ್ರು. ಎಷ್ಟು ಯೋಚನೆ ಮಾಡಿದ್ರೂ ಒಂದು ತಮಾಷೆನೂ ಹೊಳೀಲಿಲ್ಲ ನೋಡಿ."