ಬೇಲಿಗೆ ಗ್ರಿಂಡ್ ಬೇಡವೇ?

ಗೆಳೆಯರೇ, ಇವತ್ತು ಸ್ವೀಡನ್ನಿನ ಉಪ್ಸಾಲಾದ ನಮ್ಮ ಮನೆಯ ಹಿತ್ತಲಿಗೆ ವಿನೈಲ್ ಪ್ಲಾಸ್ಟಿಕ್ಕಿನ ಬೇಲಿ ಬಂತು. ಇದಕ್ಕೆ ಬಣ್ಣ ಬಳಿಯಬೇಕಿಲ್ಲ, ಹಿಮಕ್ಕೆ ಕೊಳೆಯುವುದೂ ಇಲ್ಲ. ಕಂಬಗಳನ್ನು ಮಾತ್ರ ಆಳವಾಗಿ ಹೂಳಬೇಕು, ಇಲ್ಲವಾದರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲವೇ ಅವನ್ನು ಮೇಲೆತ್ತಿಬಿಡುತ್ತದೆ. ಪಕ್ಕದ ಮನೆಯ ಲಾರ್ಸ್ ದೋಸೆ-ಚಟ್ನಿ ತಿಂದು ನೆರವಿಗೆ ನಿಂತರು.

ಕೊನೆಯ ಗುಂಡಿಗೆ ಕಾಂಕ್ರೀಟ್ ಸುರಿಯುವಾಗ ಲಾರ್ಸ್ ನನ್ನ ಕೈ ಹಿಡಿದು ಕೇಳಿದರು, "ನೋ ಗ್ರಿಂಡ್? ಯೂ ಅಂಡ್ ಮೀ, ನೋ ಗ್ರಿಂಡ್?"

ಚಟ್ನಿ ರುಚಿಸಿರಬೇಕು, ರುಬ್ಬುವುದರ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. ಕಾಲೇಜಿನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಯೆಸ್ ಯೆಸ್, ಡೈಲಿ ಗ್ರೈಂಡಿಂಗ್! ಆಫ್ಟರ್ ಮೈ ವೈಫ್ ಎಕ್ಸ್‌ಪೈರ್ಡ್, ಐ ಓನ್ಲಿ ಗ್ರೈಂಡ್," ಎಂದು ಮಿಕ್ಸಿಯನ್ನೇ ತಂದು ತೋರಿಸಿದೆ.

ಲಾರ್ಸ್ ಮಿಕ್ಸಿ ನೋಡಿದರು, ಬೇಲಿ ನೋಡಿದರು. ಮಗಳು ಕಿಟಕಿಯಿಂದ ಕೂಗಿದಳು, "ಅಪ್ಪಾ, ಸ್ವೀಡಿಷ್‌ನಲ್ಲಿ ಗ್ರಿಂಡ್ ಅಂದ್ರೆ ಗೇಟು! ನಾಳೆಯಿಂದ ಫೀಕಾಗೆ ರೋಡ್ ಸುತ್ತಿ ಬರ್ಬೇಕಾ ಅಂತ ಕೇಳ್ತಿದಾರೆ!"

ಅಯ್ಯೋ! ಅವರ ಜೊತೆ ಆ ಫೀಕಾ ಕಾಫಿ ಕುಡಿಯದಿದ್ದರೆ ನನಗೆ ದಿನವೇ ಸರಿಯುವುದಿಲ್ಲ. ತಕ್ಷಣ ಕಾಂಕ್ರೀಟ್ ಸುರಿಯುವುದನ್ನು ನಿಲ್ಲಿಸಿ, ಕೊನೆಯ ಹಲಗೆಯ ಜಾಗವನ್ನು ಗೇಟಿಗೆಂದು ಬಿಟ್ಟೆವು. ಅದಕ್ಕೆ ಚಿಲಕವೂ ಬೇಡ ಎಂದರು ಲಾರ್ಸ್. ನಾನೂ ಒಪ್ಪಿದೆ.

"ಮತ್ತೆ ಬೇಲಿ ಯಾಕಪ್ಪಾ?" ಎಂದಳು ಮಗಳು.

ಗೇಟು ನಿಲ್ಲಿಸುವುದಕ್ಕೆ ಏನಾದರೂ ಬೇಡವೇ?