ಬಾಗಿಲಣ್ಣ ಆಡಿದ ವರ್ಷ

ಮರಗೆಲಸದ ಕಾರ್ಖಾನೆಯಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಚ್ಚುತ್ತಿದ್ದ ಅವನನ್ನು ಫುಟ್‌ಬಾಲ್ ಕ್ಲಬ್ಬಿನವರೆಲ್ಲ ಬಾಗಿಲಣ್ಣ ಎಂದೇ ಕರೆಯುತ್ತಿದ್ದರು. ಗೋಲಿಗೆ ಅಡ್ಡ ನಿಂತರೆ ಬಾಗಿಲು ಹಾಕಿದ ಹಾಗೆ ಅಂತ. ಆದರೆ ವರ್ಷಗಳಿಂದ ಅವನು ನಿಂತದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. "ಬರೀ ಕೂತ್ಕೊಳ್ಳೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಮನೇಲೂ ಕುರ್ಚಿ ಇದ್ಯಲ್ಲ," ಎಂದು ಹೆಂಡತಿ ನಗುತ್ತಿದ್ದಳು. ಬರಬರುತ್ತ ಆ ನಗು ನಿಂತುಹೋಯಿತು. ಒಂದು ದಿನ ಮಗಳನ್ನು ಕರೆದುಕೊಂಡು ಅಣ್ಣನ ಊರಿಗೆ ಹೊರಟುಹೋದಳು.

ಆ ಚಳಿಗಾಲದಲ್ಲಿ ಮೊದಲನೇ ಗೋಲ್‌ಕೀಪರ್‌ನ ಮಣಿಕಟ್ಟು ಮುರಿಯಿತು. "ಬಾಗಿಲಣ್ಣ, ಇನ್ಮೇಲೆ ನೀನೇ," ಎಂದ ಕೋಚ್, ಬೇರೆ ದಾರಿ ಕಾಣದೆ. ತಂಡ ಆಗ ಕೆಳದರ್ಜೆಯ ಲೀಗಿನ ನಡುಮಧ್ಯೆ ತೂಕಡಿಸುತ್ತಿತ್ತು. ಇವನು ನಿಂತ ಮೇಲೆ ಚೆಂಡು ಒಳಹೋಗುವುದು ಅಪರೂಪವಾಯಿತು, ಮುಂದೆ ಆಡುವವರಿಗೂ ಧೈರ್ಯ ಬಂತು. ಗೆಲ್ಲುತ್ತ ಗೆಲ್ಲುತ್ತ, ಕೊನೆಯ ಪಂದ್ಯ ಗೆದ್ದರೆ ಮೇಲಿನ ದರ್ಜೆ ಎನ್ನುವಲ್ಲಿಗೆ ಬಂದು ನಿಂತರು.

ಆ ಪಂದ್ಯದಲ್ಲಿ ಒಂದು ಬಿರುಸಾದ ಹೊಡೆತಕ್ಕೆ ಅಡ್ಡ ಹಾರಿ, ಬೆರಳ ತುದಿಯಿಂದ ಚೆಂಡನ್ನು ಕಂಬದಾಚೆ ತಳ್ಳಿದ. ಸ್ವಲ್ಪ ಹೊತ್ತಿಗೆ ಆ ತುದಿಯಲ್ಲಿ ಇವರದೇ ಗೋಲಾಯಿತು. ಆಟಗಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾದರು. ಇವನು ಈ ತುದಿಯಲ್ಲಿ ತನ್ನಷ್ಟಕ್ಕೆ ಕುಣಿದ. ಅಪ್ಪಿಕೊಳ್ಳಲು ಯಾರೂ ಇಲ್ಲದೆ ಕಂಬದ ಬೆನ್ನು ತಟ್ಟಿದ.

ಗೆದ್ದ ಗದ್ದಲದಿಂದ ತಪ್ಪಿಸಿಕೊಂಡು ಹೊರಗೆ ಬಂದಾಗ ಮಗಳ ಫೋನ್ ಬಂತು.

"ಅಪ್ಪಾ, ಮಾವನ ಫೋನಲ್ಲಿ ಮ್ಯಾಚ್ ಪೂರ್ತಿ ನೋಡ್ದೆ! ಗೋಲ್ ಆದಾಗ ಎಲ್ರೂ ತಬ್ಕೊಂಡ್ರು, ನೀನೊಬ್ನೇ ಕುಣೀತಿದ್ದೆ. ಯಾಕೆ ಹೋಗ್ಲಿಲ್ಲ?"

"ಗೋಲ್ ಬಿಟ್ಟು ಹೋಗೋ ಹಾಗಿಲ್ಲ ಪುಟ್ಟಿ."

"ಅಮ್ಮಾನೂ ನೋಡಿದ್ಲು. ನೀನು ಹಾರಿದಾಗ 'ಅಯ್ಯೋ, ಮೊಣಕೈ!' ಅಂದ್ಲು."

ಅವನು ಮೊಣಕೈಯನ್ನೊಮ್ಮೆ ಸವರಿಕೊಂಡ. "ಏನೂ ಆಗಿಲ್ಲ ಅಂತ ಹೇಳು," ಎಂದಷ್ಟೇ ಹೇಳಿದ.

ತಿಂಗಳಾಗುವಷ್ಟರಲ್ಲಿ ಕೋಚ್ ಕಾರ್ಖಾನೆಗೇ ಬಂದ. "ಮೇಲಿನ ದರ್ಜೆಗೆ ಬೇರೆ ಕೀಪರ್‌ನ ತಗೊಂಡಿದೀವಿ ಅಣ್ಣ. ಬೇಜಾರು ಮಾಡ್ಕೋಬೇಡ."

"ಬೇಜಾರೇನು ಬಂತು? ನನ್ನ ಮಂಡಿ ಯಾವತ್ತೋ ರಾಜೀನಾಮೆ ಕೊಟ್ಟಾಗಿದೆ," ಎಂದು ಇವನೇ ಅವನನ್ನು ನಗಿಸಿ ಕಳಿಸಿದ. ಆಮೇಲೆ ಪಾಲಿಶ್ ಬಟ್ಟೆ ಹಿಡಿದು, ಆಗಲೇ ಹೊಳೆಯುತ್ತಿದ್ದ ಮೇಜನ್ನೇ ತುಂಬ ಹೊತ್ತು ಉಜ್ಜಿದ.

ಅಂದು ಸಂಜೆ ಮಗಳಿಗೆ ಫೋನ್ ಮಾಡಿದ. "ಇನ್ಮೇಲೆ ಭಾನುವಾರ ನಂಗೆ ಬಿಡುವು. ಬರ್ಲಾ ಪುಟ್ಟಿ?"

"ಅಮ್ಮನ್ನ ಕೇಳಿ ಹೇಳ್ತೀನಪ್ಪ."

ಭಾನುವಾರ ಬೆಳಿಗ್ಗೆ ಅಂಗಿಗೆ ಇಸ್ತ್ರಿ ಮಾಡಿಕೊಂಡು ಕೂತ. ಮಧ್ಯಾಹ್ನವಾಯಿತು, ಫೋನ್ ಬರಲಿಲ್ಲ. ಬಿಸಿಲು ಇಳಿದ ಮೇಲೆ ಎದ್ದು, ಅಂಗಿಯನ್ನು ಸುಕ್ಕಾಗದಂತೆ ಮೊಳೆಗೆ ತೂಗುಹಾಕಿ, ಒಬ್ಬನಿಗಾಗುವಷ್ಟು ಅನ್ನಕ್ಕಿಟ್ಟ.